ಸುಂಕದವರ ಹಾಯಿ, ಕಳ್ಳರ ಚಹಾ

1747ರ ಅಕ್ಟೋಬರ್ ತಿಂಗಳ ಒಂದು ರಾತ್ರಿ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೂಲ್ ಬಂದರಿಗೆ ಸುಮಾರು 60 ಮಂದಿ ಕುದುರೆ ಸವಾರರು ಬಂದಿಳಿದರು. ಅರ್ಧದಷ್ಟು ಜನ ಊರಿನ ದಾರಿಗಳನ್ನು ಕಾದು ನಿಂತರು. ಉಳಿದವರು ಸುಂಕದ ಕಚೇರಿಯತ್ತ ನಡೆದರು. ಆದರೆ ಒಂದು ತೊಡಕಿತ್ತು. ಕಚೇರಿಯ ಎದುರಿಗೇ ಸರಕಾರದ ಯುದ್ಧನೌಕೆಯೊಂದು ಲಂಗರು ಹಾಕಿತ್ತು, ಅದರ ಫಿರಂಗಿಗಳು ನೇರವಾಗಿ ಕಚೇರಿಯ ಬಾಗಿಲಿನತ್ತ ಮುಖ ಮಾಡಿದ್ದವು. ಸವಾರರು ಹಿಂದೆಮುಂದೆ ನೋಡಿದರು. ಅಷ್ಟರಲ್ಲಿ ಇಳಿತದ ಹೊತ್ತು ಬಂತು. ನೀರು ಇಳಿದಂತೆ ಹಡಗೂ ಇಳಿಯಿತು. ಫಿರಂಗಿಗಳಿಗೆ ಕಚೇರಿಯ ಬಾಗಿಲು ಗುರಿಗೆ ಸಿಗದಂತಾಯಿತು. ಬಾಗಿಲು ಒಡೆದವರು ಒಳಗಿದ್ದ ಚೀಲಗಳನ್ನೆಲ್ಲ ಕುದುರೆಗಳ ಮೇಲೆ ಹೇರಿಕೊಂಡು ನಿರಾಯಾಸವಾಗಿ ಹೊರಟುಹೋದರು.

ಅವರು ಒಯ್ದದ್ದು ಚಿನ್ನವಲ್ಲ, ಬೆಳ್ಳಿಯಲ್ಲ. ಬರಿ ಚಹಾಪುಡಿ, ಸುಮಾರು ಎರಡು ಟನ್. ಅದೇ ಕೋಣೆಯಲ್ಲಿದ್ದ ಬ್ರಾಂದಿ, ರಮ್ ಪೀಪಾಯಿಗಳನ್ನು ಅವರು ಮುಟ್ಟಲೂ ಇಲ್ಲ.

ಈ ಚಹಾ ಅಲ್ಲಿಗೆ ಬಂದದ್ದೂ ಒಂದು ಕಥೆಯೇ. ಕೆಲವು ದಿನಗಳ ಹಿಂದೆ ಗರ್ನ್‌ಸಿ ದ್ವೀಪದಿಂದ ಹೊರಟ ‘ತ್ರೀ ಬ್ರದರ್ಸ್’ ಎಂಬ ಕಳ್ಳಸಾಗಣೆ ನೌಕೆಯನ್ನು ಸುಂಕ ಇಲಾಖೆಯ ‘ಸ್ವಿಫ್ಟ್’ ಎಂಬ ಕಾವಲು ನೌಕೆ ಬೆನ್ನಟ್ಟಿ ಹಿಡಿದಿತ್ತು. ಅದರ ಕಪ್ತಾನ ವಿಲಿಯಂ ಜಾನ್ಸನ್. ಸಮುದ್ರದ ಮೇಲೆ ಆತ ಗೆದ್ದಿದ್ದ. ಆದರೆ ಆ ಗೆಲುವನ್ನು ದಡದ ಮೇಲೆ ಉಳಿಸಿಕೊಳ್ಳಲು ಸರಕಾರಕ್ಕೆ ಸಾಧ್ಯವಾಗಲಿಲ್ಲ. ಸುಮಾರು ಒಂದೂವರೆ ಶತಮಾನ ಕಾಲ ಬ್ರಿಟನ್ನಿನ ಕರಾವಳಿಯಲ್ಲಿ ನಡೆದ ಹಾಯಿಹಡಗುಗಳ ಕಣ್ಣಾಮುಚ್ಚಾಲೆಯ ತಿರುಳೆಲ್ಲ ಈ ಒಂದು ಪ್ರಸಂಗದಲ್ಲಿದೆ.

ಒಂದು ಚಿಟಿಕೆ ಚಹಾಕ್ಕೆ ಎರಡು ಕೊಲೆ

ಹಾಕ್‌ಹರ್ಸ್ಟ್ ತಂಡ ಎಂದೇ ಕುಖ್ಯಾತವಾಗಿದ್ದ ಈ ಕಳ್ಳಸಾಗಣೆದಾರರು ಮಾರನೆಯ ದಿನ ಹಾಡಹಗಲೇ ಫೋರ್ಡಿಂಗ್‌ಬ್ರಿಜ್ ಎಂಬ ಊರಿನ ಮೂಲಕ ಸಾಗಿದರು. ಅವರನ್ನು ನೋಡಲು ಜಾತ್ರೆಯಂತೆ ಜನ ಸೇರಿದ್ದರು. ಗುಂಪಿನಲ್ಲಿದ್ದ ಡೇನಿಯಲ್ ಚೇಟರ್ ಎಂಬ ಚಪ್ಪಲಿ ಹೊಲೆಯುವವನಿಗೆ ಸವಾರರಲ್ಲಿ ಒಬ್ಬನ ಪರಿಚಯವಿತ್ತು. ಆ ಸವಾರ ಹಳೆಯ ಸ್ನೇಹಕ್ಕೆ ಒಂದು ಪುಟ್ಟ ಚಹಾ ಚೀಲವನ್ನು ಅವನತ್ತ ಎಸೆದು ಮುಂದೆ ಹೋದ.

ಈ ಸಂಗತಿ ಬಾಯಿಂದ ಬಾಯಿಗೆ ಹರಡಿ ಅಧಿಕಾರಿಗಳ ಕಿವಿಗೂ ಬಿತ್ತು. 1748ರ ಫೆಬ್ರವರಿಯಲ್ಲಿ ಚೇಟರ್‌ನನ್ನು ಸಾಕ್ಷಿ ಹೇಳಿಸಲು ನ್ಯಾಯಾಧಿಕಾರಿಯ ಬಳಿಗೆ ಕರೆದೊಯ್ಯುವ ಕೆಲಸ ಸುಂಕ ಇಲಾಖೆಯ ವಿಲಿಯಂ ಗ್ಯಾಲಿ ಎಂಬ ವಯಸ್ಸಾದ ನೌಕರನಿಗೆ ಬಿತ್ತು. ದಾರಿಯಲ್ಲಿ ಇಬ್ಬರೂ ಒಂದು ಹೆಂಡದಂಗಡಿಯಲ್ಲಿ ಇಳಿದುಕೊಂಡರು. ಅಲ್ಲಿಂದ ಜೀವಂತವಾಗಿ ಮನೆಗೆ ಮರಳಲಿಲ್ಲ. ತಂಡದವರು ಇಬ್ಬರನ್ನೂ ಚಿತ್ರಹಿಂಸೆ ಕೊಟ್ಟು ಕೊಂದರು. 1749ರ ಜನವರಿಯಲ್ಲಿ ಚಿಚೆಸ್ಟರ್ ಪಟ್ಟಣದಲ್ಲಿ ವಿಚಾರಣೆ ನಡೆದು ಏಳು ಮಂದಿಗೆ ಮರಣದಂಡನೆಯಾಯಿತು. ಅವರಲ್ಲೊಬ್ಬ ಗಲ್ಲಿಗೇರುವ ಮುನ್ನವೇ ಸೆರೆಮನೆಯಲ್ಲಿ ಸತ್ತ.

ಅಲ್ಲಿಯವರೆಗೆ ಕಳ್ಳಸಾಗಣೆದಾರರನ್ನು ಬಡವರಿಗೆ ಅಗ್ಗದ ಚಹಾ ತಂದುಕೊಡುವ ಉಪಕಾರಿಗಳೆಂದು ಕಾಣುತ್ತಿದ್ದ ಜನ ಈ ಕೊಲೆಗಳಿಂದ ಬೆಚ್ಚಿಬಿದ್ದರು. ಹಾಗೆಂದು ಕಳ್ಳ ಚಹಾ ಕೊಳ್ಳುವುದನ್ನೇನೂ ಬಿಡಲಿಲ್ಲ.

ಸುಂಕವೇ ಮೂಲ

ಜನ ಯಾಕೆ ಬಿಡಲಿಲ್ಲ? ಉತ್ತರ ಸರಕಾರದ ಲೆಕ್ಕದ ಪುಸ್ತಕದಲ್ಲೇ ಇತ್ತು. ಹದಿನೆಂಟನೇ ಶತಮಾನದುದ್ದಕ್ಕೂ ಬ್ರಿಟನ್ ಒಂದಲ್ಲ ಒಂದು ಯುದ್ಧದಲ್ಲಿ ತೊಡಗಿತ್ತು. ಯುದ್ಧದ ಖರ್ಚಿಗೆ ಸುಲಭವಾಗಿ ಕೈಗೆ ಸಿಗುತ್ತಿದ್ದುದು ಆಮದು ಸರಕಿನ ಮೇಲಿನ ಸುಂಕ. ಚೀನಾದ ಕ್ಯಾಂಟನ್ ಬಂದರಿನಿಂದ ಚಹಾ ತರುವ ಏಕಸ್ವಾಮ್ಯ ಈಸ್ಟ್ ಇಂಡಿಯಾ ಕಂಪೆನಿಯದು. 1780ರ ದಶಕದ ಆರಂಭದ ಹೊತ್ತಿಗೆ ಆ ಚಹಾದ ಮೇಲಿನ ಒಟ್ಟು ತೆರಿಗೆ ಶೇಕಡಾ 119ರಷ್ಟಾಗಿತ್ತು. ಅಂದರೆ ಒಂದು ರೂಪಾಯಿಯ ಸರಕಿಗೆ ಒಂದು ರೂಪಾಯಿ ಹತ್ತೊಂಬತ್ತು ಪೈಸೆ ತೆರಿಗೆ!

ಇತ್ತ ಡಚ್ಚರು, ಫ್ರೆಂಚರು, ಸ್ವೀಡನ್ನಿನವರು, ಡೆನ್ಮಾರ್ಕಿನವರು ತಂತಮ್ಮ ಕಂಪೆನಿಗಳ ಮೂಲಕ ಅದೇ ಕ್ಯಾಂಟನ್ನಿನಿಂದ ಚಹಾ ತರುತ್ತಿದ್ದರು. ಆ ದೇಶಗಳಲ್ಲಿ ಚಹಾ ಕುಡಿಯುವವರು ಕಡಿಮೆ. ತಂದದ್ದರಲ್ಲಿ ಬಹುಪಾಲು ಬ್ರಿಟನ್ನಿನ ಕತ್ತಲ ದಡಗಳಿಗೇ ಮೀಸಲು. ಗರ್ನ್‌ಸಿ, ಐಲ್ ಆಫ್ ಮ್ಯಾನ್‌ನಂಥ ದ್ವೀಪಗಳು ಈ ವ್ಯಾಪಾರದ ದಾಸ್ತಾನು ಮಳಿಗೆಗಳಾಗಿದ್ದವು. ಬೇಸತ್ತ ಬ್ರಿಟಿಷ್ ಸರಕಾರ 1765ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಒಡೆತನದ ಹಕ್ಕನ್ನೇ ಅಥೋಲ್‌ನ ಡ್ಯೂಕ್‌ನಿಂದ 70,000 ಪೌಂಡಿಗೆ ಕೊಂಡುಕೊಂಡಿತು. ಒಂದು ತೂತು ಮುಚ್ಚಿದರೆ ಇನ್ನೊಂದು ತೆರೆಯಿತು. 1769ರಲ್ಲಿ ಫ್ರಾನ್ಸ್ ತನ್ನ ರೋಸ್ಕೋಫ್ ಬಂದರನ್ನು ಈ ವ್ಯಾಪಾರಕ್ಕೆ ತೆರೆದಿಟ್ಟಿತು.

ಚಹಾ ಮಾತ್ರವಲ್ಲ, ಬ್ರಾಂದಿ, ಜಿನ್, ಹೊಗೆಸೊಪ್ಪು, ಲೇಸು, ರೇಷ್ಮೆ ಎಲ್ಲವೂ ಈ ದಾರಿಯಲ್ಲಿ ಬರುತ್ತಿದ್ದವು. ಭಾರತದ ಬಟ್ಟೆಗೂ ಇದರಲ್ಲಿ ಪಾಲಿತ್ತು. ಕೋರಮಂಡಲ ಮತ್ತು ಗುಜರಾತಿನ ಬಣ್ಣದ ಚೀಟಿ ಬಟ್ಟೆಗಳಿಗೆ ಇಂಗ್ಲೆಂಡಿನ ಹೆಂಗಸರು ಮುಗಿಬೀಳುತ್ತಿದ್ದಾಗ, ಅಲ್ಲಿನ ನೇಕಾರರ ಒತ್ತಡಕ್ಕೆ ಮಣಿದು ಪಾರ್ಲಿಮೆಂಟು 1700ರಲ್ಲಿ ಒಮ್ಮೆ, 1721ರಲ್ಲಿ ಮತ್ತೊಮ್ಮೆ ಕಾನೂನು ತಂದು ಅವುಗಳನ್ನು ನಿರ್ಬಂಧಿಸಿತು. ನಿಷೇಧವಾದ ಮೇಲೆ ಅವುಗಳ ಮೋಹ ಇನ್ನೂ ಹೆಚ್ಚಿತು.

ಓಟಕ್ಕೆಂದೇ ಹುಟ್ಟಿದ ಹಡಗು

ಈ ಕಳ್ಳರನ್ನು ಹಿಡಿಯಲು ಸುಂಕ ಇಲಾಖೆ ಬಳಸಿದ ಹಡಗಿಗೆ ‘ಕಟ್ಟರ್’ ಎಂದು ಹೆಸರು. ನೀರನ್ನು ಸೀಳಿಕೊಂಡು ಹೋಗುವ ಇದು ಆ ಕಾಲದ ಅತ್ಯಂತ ಚುರುಕಿನ ನೌಕೆಗಳಲ್ಲೊಂದು.

ದೊಡ್ಡ ಯುದ್ಧನೌಕೆಗಳಿಗೆ ಮೂರು ಹಾಯಿಕಂಬ. ಅವುಗಳ ಮೇಲೆ ಅಡ್ಡಡ್ಡಲಾಗಿ ಕಟ್ಟಿದ ಚೌಕನೆಯ ಹಾಯಿಗಳು. ಗಾಳಿ ಹಿಂದಿನಿಂದ ಬೀಸಿದರೆ ಅವು ಗಜಗಾಂಭೀರ್ಯದಿಂದ ಸಾಗುತ್ತವೆ. ಗಾಳಿ ಎದುರಾದರೆ ಮಾತ್ರ ಪರದಾಟ. ಕಟ್ಟರ್ ಹಾಗಲ್ಲ. ಅದಕ್ಕಿದ್ದುದು ಒಂದೇ ಕಂಬ. ಅದರ ಹಿಂದೆ ಹಡಗಿನ ಉದ್ದಕ್ಕೆ ಹರಡಿದ ಭಾರಿ ಹಾಯಿ, ಮುಂದೆ ತ್ರಿಕೋನಾಕಾರದ ಹಾಯಿಗಳು. ಹೀಗೆ ಉದ್ದುದ್ದಕ್ಕೆ ಕಟ್ಟಿದ ಹಾಯಿಗಳಿಗೆ ಗಾಳಿ ಓರೆಯಾಗಿ ಎದುರಿನಿಂದ ಬಂದರೂ ಅದನ್ನು ಹಿಡಿದು ಮುನ್ನುಗ್ಗುವ ಶಕ್ತಿಯಿದೆ. ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತ, ಹಾವು ಹರಿದಂತೆ ಹರಿಯುತ್ತ ಗಾಳಿಯ ಎದುರಿಗೇ ದಾರಿ ಮಾಡಿಕೊಳ್ಳಬಹುದು.

ಹಡಗಿನ ಮೂತಿಯಿಂದ ಮುಂದಕ್ಕೆ ಚಾಚಿದ ಉದ್ದನೆಯ ತೊಲೆಗೆ ಬೌಸ್‌ಪ್ರಿಟ್ ಎನ್ನುತ್ತಾರೆ. ಮುಂದಿನ ಹಾಯಿಗಳ ಹಗ್ಗಗಳನ್ನು ಇದಕ್ಕೇ ಬಿಗಿಯುವುದು. ತೊಲೆ ಉದ್ದವಾದಷ್ಟೂ ಹೆಚ್ಚು ಹಾಯಿ, ಹೆಚ್ಚು ಹಾಯಿಯಾದಷ್ಟೂ ಹೆಚ್ಚು ವೇಗ. ಕಟ್ಟರ್‌ಗಳಲ್ಲಿ ಈ ತೊಲೆಯನ್ನು ಬಿರುಗಾಳಿಯ ಹೊತ್ತಿನಲ್ಲಿ ಒಳಕ್ಕೆ ಎಳೆದುಕೊಳ್ಳುವ ಏರ್ಪಾಟಿತ್ತು. ಮೈಯ ಹಲಗೆಗಳನ್ನು ಛಾವಣಿಗೆ ಹೆಂಚು ಹೊದಿಸಿದಂತೆ ಒಂದರ ಅಂಚಿನ ಮೇಲೊಂದು ಕೂರುವಂತೆ ಜೋಡಿಸುತ್ತಿದ್ದರು. ಇದರಿಂದ ಹಡಗು ಹಗುರವೂ ಆಗುತ್ತಿತ್ತು, ಗಟ್ಟಿಯೂ ಆಗುತ್ತಿತ್ತು.

ಸ್ವಾರಸ್ಯದ ಸಂಗತಿಯೆಂದರೆ ಕಳ್ಳರ ಹಡಗೂ ಇದೇ! ಒಂದೇ ಕರಾವಳಿಯ ಬಡಗಿಗಳು ಒಂದೇ ಬಗೆಯ ಮರದಿಂದ ಇಬ್ಬರಿಗೂ ಹಡಗು ಕಟ್ಟಿಕೊಡುತ್ತಿದ್ದರು. ಇದನ್ನು ತಡೆಯಲು ಪಾರ್ಲಿಮೆಂಟು 1784ರಲ್ಲಿ ಒಂದು ಕಾನೂನು ಮಾಡಿತು. ಖಾಸಗಿಯವರು ಪರವಾನಗಿಯಿಲ್ಲದೆ ಇಂಥ ಹೆಂಚು ಜೋಡಣೆಯ ಹಡಗನ್ನಾಗಲಿ, ಮಿತಿಮೀರಿದ ಉದ್ದದ ಬೌಸ್‌ಪ್ರಿಟ್ಟನ್ನಾಗಲಿ ಇಟ್ಟುಕೊಳ್ಳುವಂತಿಲ್ಲ ಎಂಬುದು ಅದರ ಸಾರ. ಮರದ ತೊಲೆಯ ಉದ್ದವನ್ನೂ ಕಾಯಿದೆಯಿಂದ ಅಳೆಯಬೇಕಾದ ಸ್ಥಿತಿ ಬಂದಿತ್ತು. ಸಿಕ್ಕಿಬಿದ್ದ ಕಳ್ಳ ಹಡಗುಗಳನ್ನು ಅಡ್ಡಲಾಗಿ ಗರಗಸದಿಂದ ಮೂರು ತುಂಡು ಮಾಡಿಬಿಡುವುದು ರೂಢಿ. ತೀರಾ ಒಳ್ಳೆಯ ಓಟದ ಹಡಗಾದರೆ ಅದನ್ನು ಕೊಯ್ಯುತ್ತಿರಲಿಲ್ಲ, ಸುಂಕ ಇಲಾಖೆಯ ಸೇವೆಗೇ ಸೇರಿಸಿಕೊಳ್ಳುತ್ತಿದ್ದರು. ನಿನ್ನೆಯ ಕಳ್ಳ ಇಂದಿನ ಪೊಲೀಸ್!

ಬಾವುಟ ಮೊದಲು, ಗುಂಡು ಆಮೇಲೆ

ಬೆನ್ನಟ್ಟುವುದಕ್ಕೂ ನಿಯಮಗಳಿದ್ದವು. ಸುಂಕದ ನೌಕೆಗಳಿಗೆ ಅವುಗಳದೇ ಗುರುತಿನ ಬಾವುಟ, ಪತಾಕೆಗಳಿದ್ದವು. ಅವುಗಳನ್ನು ಏರಿಸಿದ ಮೇಲೆಯೇ ಗುಂಡು ಹಾರಿಸಬೇಕು. ಮೊದಲ ಗುಂಡು ಬರಿ ಎಚ್ಚರಿಕೆಗೆ. ಅದಕ್ಕೂ ನಿಲ್ಲದಿದ್ದರೆ ಮಾತ್ರ ಹಡಗಿನ ಮೇಲೆ ಗುರಿಯಿಡಬಹುದು. ಬಾವುಟ ಏರಿಸದೆ ಹೊಡೆದು ಯಾರಾದರೂ ಸತ್ತರೆ ಕಪ್ತಾನನಿಗೆ ಕಾನೂನಿನ ರಕ್ಷಣೆಯಿಲ್ಲ.

ಇನ್ನು ಕಳ್ಳ ಹಡಗು ದಡದಿಂದ ಎಷ್ಟು ದೂರದಲ್ಲಿದ್ದಾಗ ಹಿಡಿಯಬಹುದು ಎಂಬ ಪ್ರಶ್ನೆ. ದಡದ ಬಳಿ ಸುಮ್ಮನೆ ಸುಳಿದಾಡುವ ಸಣ್ಣ ಹಡಗುಗಳನ್ನು ಎರಡು ಲೀಗ್ ಒಳಗೆ, ಅಂದರೆ ಸುಮಾರು ಆರು ನಾಟಿಕಲ್ ಮೈಲಿಗಳೊಳಗೆ ಜಪ್ತಿ ಮಾಡುವ ಅಧಿಕಾರ ಮೊದಲಿತ್ತು. 1784ರಲ್ಲಿ ಅದನ್ನು ನಾಲ್ಕು ಲೀಗ್‌ಗೆ ಹೆಚ್ಚಿಸಲಾಯಿತು. ಕಳ್ಳರು ಆ ಗೆರೆಯಾಚೆಗೆ ಲಂಗರು ಹಾಕಿ, ಕತ್ತಲಾಗುತ್ತಲೇ ಹುಟ್ಟು ಹಾಕುವ ಸಣ್ಣ ದೋಣಿಗಳಲ್ಲಿ ಸರಕು ಸಾಗಿಸತೊಡಗಿದರು. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವರಿಗೆ ಬರವೇ?

ಅವರ ಉಪಾಯಗಳಲ್ಲಿ ಪ್ರಸಿದ್ಧವಾದದ್ದು ‘ಬಿತ್ತನೆ’. ಬ್ರಾಂದಿಯನ್ನು ನಾಲ್ಕು ಗ್ಯಾಲನ್, ಅಂದರೆ ಸುಮಾರು 18 ಲೀಟರ್ ಹಿಡಿಯುವ ಪುಟ್ಟ ಪೀಪಾಯಿಗಳಲ್ಲಿ ತುಂಬಿ, ಅವುಗಳನ್ನು ಹಗ್ಗಕ್ಕೆ ಮಾಲೆಯಂತೆ ಪೋಣಿಸಿ, ನಡುನಡುವೆ ಕಲ್ಲು ಕಟ್ಟುತ್ತಿದ್ದರು. ಸುಂಕದವರ ಸುಳಿವು ಸಿಕ್ಕೊಡನೆ ಇಡೀ ಮಾಲೆಯನ್ನು ಸಮುದ್ರಕ್ಕೆ ಬಿಡುವುದು. ಹಡಗು ತಪಾಸಣೆಗೆ ಸಿಕ್ಕರೂ ಒಳಗೆ ಏನೂ ಇಲ್ಲ. ಕೆಲವು ದಿನಗಳ ಮೇಲೆ ಮೀನು ಹಿಡಿಯುವ ನೆಪದಲ್ಲಿ ಬಂದು ‘ಫಸಲು’ ಎತ್ತಿಕೊಳ್ಳುವುದು. ಸುಂಕದವರೂ ಬಿಡಲಿಲ್ಲ. ಕೊಕ್ಕೆಗಳಿರುವ ಕಬ್ಬಿಣದ ಗಾಳವನ್ನು ಹಡಗಿನ ಹಿಂದೆ ಕಟ್ಟಿ, ಸಮುದ್ರದ ತಳವನ್ನು ದಿನಗಟ್ಟಲೆ ಗೀರುತ್ತ ಹೋಗುತ್ತಿದ್ದರು. ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿಯಿಂದ ಹುಡುಕುವ ಹಾಗೆ.

ದಡ ಸೇರಿದ ಸರಕನ್ನು ಹೊರಲು ಊರಿನ ಕೂಲಿಯಾಳುಗಳೇ ಬರುತ್ತಿದ್ದರು. ಎದೆಗೊಂದು ಬೆನ್ನಿಗೊಂದು ಪೀಪಾಯಿ ಕಟ್ಟಿಕೊಂಡು ಅವರು ರಾತ್ರೋರಾತ್ರಿ ಒಳನಾಡಿಗೆ ನಡೆಯುತ್ತಿದ್ದರು. ಅಂದಿನ ಕೂಲಿಗೆ ಹೊಲದ ಕೂಲಿ ಸಾಟಿಯೇ ಅಲ್ಲ.

ಸುಂಕದವನ ಸುಖದುಃಖ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲ ಎಂಬುದು ನಮ್ಮ ಗಾದೆ. ಸುಂಕದವನ ಸುಖದುಃಖ ಕೇಳುವವರೂ ಇರಲಿಲ್ಲ. ಚಳಿಗಾಲದ ದೀರ್ಘ ರಾತ್ರಿ, ಬಿರುಗಾಳಿ, ಮಂಜು ಇವೇ ಕಳ್ಳರಿಗೆ ಪ್ರಶಸ್ತ ಕಾಲ. ಹೀಗಾಗಿ ಉಳಿದ ಹಡಗುಗಳು ಬಂದರಿನಲ್ಲಿ ಆಸರೆ ಪಡೆಯುವ ಹೊತ್ತಿನಲ್ಲೇ ಕಟ್ಟರ್‌ಗಳು ಸಮುದ್ರಕ್ಕಿಳಿಯಬೇಕಿತ್ತು. ಊರಿಗೆ ಬಂದರೆ ನೆರೆಹೊರೆಯವರು ಮುಖ ತಿರುಗಿಸುತ್ತಿದ್ದರು. ಸಂಬಳ ಅಷ್ಟಕ್ಕಷ್ಟೆ. ಜಪ್ತಿಯಾದ ಸರಕಿನ ಮಾರಾಟದಲ್ಲಿ ಸಿಗುವ ಪಾಲೇ ಆಸರೆ. ಕೆಲವರು ಕಳ್ಳರಿಂದಲೇ ಪಾಲು ಪಡೆದು ಕಣ್ಣುಮುಚ್ಚಿ ಕುಳಿತದ್ದೂ ಉಂಟು. ಬೇಲಿಯೇ ಎದ್ದು ಹೊಲ ಮೇಯ್ದ ಪ್ರಸಂಗಗಳು ಇಲಾಖೆಯ ಕಡತಗಳಲ್ಲಿ ಹೇರಳವಾಗಿವೆ.

ಸ್ಕಾಟ್ಲೆಂಡಿನ ಮಹಾಕವಿ ರಾಬರ್ಟ್ ಬರ್ನ್ಸ್ ಕೂಡ ಹೊಟ್ಟೆಪಾಡಿಗೆ ಅಬಕಾರಿ ಅಧಿಕಾರಿಯಾಗಿದ್ದ. 1792ರ ಫೆಬ್ರವರಿಯಲ್ಲಿ ಸಾಲ್ವೇ ಕೊಲ್ಲಿಯ ಮರಳಿನಲ್ಲಿ ಸಿಲುಕಿದ್ದ ‘ರೋಸಮಂಡ್’ ಎಂಬ ಕಳ್ಳ ಹಡಗನ್ನು ಸೈನಿಕರ ನೆರವಿನಿಂದ ವಶಪಡಿಸಿಕೊಂಡಾಗ, ನೀರಿಗಿಳಿದು ನಡೆದ ತಂಡದಲ್ಲಿ ಆತನೂ ಇದ್ದ.

ಅರ್ಥಶಾಸ್ತ್ರದ ಪಿತಾಮಹ ಆಡಂ ಸ್ಮಿತ್‌ನದು ಇನ್ನೂ ವಿಚಿತ್ರ ಕಥೆ. 1776ರಲ್ಲಿ ಪ್ರಕಟವಾದ ‘ವೆಲ್ತ್ ಆಫ್ ನೇಷನ್ಸ್’ ಗ್ರಂಥದಲ್ಲಿ ಆತ, ಅತಿಯಾದ ಸುಂಕವೇ ಕಳ್ಳಸಾಗಣೆಯ ತಾಯಿ, ಕಾನೂನು ಸರಿಯಿದ್ದರೆ ಈ ಕಳ್ಳಸಾಗಣೆದಾರ ಒಳ್ಳೆಯ ನಾಗರಿಕನೇ ಆಗಿರುತ್ತಿದ್ದ ಎಂದು ವಾದಿಸಿದ್ದ. ಎರಡೇ ವರ್ಷಗಳಲ್ಲಿ ಸರಕಾರ ಅವನನ್ನು ಎಡಿನ್‌ಬರೋದಲ್ಲಿ ಸುಂಕದ ಕಮಿಷನರ್ ಆಗಿ ನೇಮಿಸಿತು! ಕೆಲಸಕ್ಕೆ ಸೇರಿದ ಮೇಲೆ ನಿಷೇಧಿತ ವಸ್ತುಗಳ ಪಟ್ಟಿ ಓದಿ ನೋಡಿದರೆ, ಆತ ಧರಿಸುತ್ತಿದ್ದ ಕೊರಳಪಟ್ಟಿ, ತೋಳಿನ ಲೇಸು, ಕರವಸ್ತ್ರ ಬಹುಪಾಲು ಆ ಪಟ್ಟಿಯಲ್ಲೇ ಇದ್ದವು. ಎಲ್ಲವನ್ನೂ ಸುಟ್ಟುಹಾಕಿದೆ ಎಂದು ಆತ 1780ರಲ್ಲಿ ಸ್ನೇಹಿತನಿಗೆ ಕಾಗದ ಬರೆದ. ನಿನ್ನ ಮನೆಯಲ್ಲೂ ಹುಡುಕಬೇಡ, ಏನು ಸಿಕ್ಕೀತೋ ಎಂದು ಎಚ್ಚರಿಸಿದ.

ಪಿಟ್‌ನ ಒಂದು ಸಹಿ

ಒಂದು ಶತಮಾನದ ಹಡಗು ಓಟ, ಫಿರಂಗಿ, ಗಲ್ಲುಶಿಕ್ಷೆಗಳು ಮಾಡಲಾಗದ ಕೆಲಸವನ್ನು 1784ರಲ್ಲಿ ಒಂದು ಕಾಯಿದೆ ಮಾಡಿತು. ಆಗ ಪ್ರಧಾನಿ ವಿಲಿಯಂ ಪಿಟ್, ವಯಸ್ಸು 25. ಚಹಾದ ಮೇಲಿನ ತೆರಿಗೆಯನ್ನು ಆತ ಶೇಕಡಾ 119ರಿಂದ 12.5ಕ್ಕೆ ಇಳಿಸಿದ. ಬೊಕ್ಕಸಕ್ಕಾಗುವ ನಷ್ಟ ತುಂಬಲು ಮನೆಗಳ ಕಿಟಕಿಗಳ ಮೇಲಿನ ತೆರಿಗೆಯನ್ನು ಹೆಚ್ಚಿಸಿದ. ಕಿಟಕಿಯನ್ನು ರಾತ್ರೋರಾತ್ರಿ ದೋಣಿಯಲ್ಲಿ ಸಾಗಿಸಲು ಬರುವುದಿಲ್ಲವಲ್ಲ!

ಪರಿಣಾಮ ಬೆರಗು ಹುಟ್ಟಿಸುವಂತಿತ್ತು. ಅದಕ್ಕೆ ಮೊದಲು ಸುಂಕ ಕೊಟ್ಟು ಮಾರಾಟವಾಗುತ್ತಿದ್ದ ಚಹಾ ವರ್ಷಕ್ಕೆ ಸುಮಾರು 50ರಿಂದ 60 ಲಕ್ಷ ಪೌಂಡ್ ತೂಕ. 1785ರಲ್ಲಿ ಅದು ಒಂದೂವರೆ ಕೋಟಿ ಪೌಂಡ್ ದಾಟಿತು. ಜನ ಏಕಾಏಕಿ ಮೂರು ಪಟ್ಟು ಚಹಾ ಕುಡಿಯಲು ಶುರು ಮಾಡಿದರೆಂದಲ್ಲ. ಅಷ್ಟು ದಿನ ಕತ್ತಲಲ್ಲಿ ಬರುತ್ತಿದ್ದ ಚಹಾ ಬೆಳಕಿಗೆ ಬಂತು, ಅಷ್ಟೆ. ಕಳ್ಳ ಚಹಾದ ಲಾಭವೇ ಕರಗಿಹೋದ ಮೇಲೆ ಅದಕ್ಕಾಗಿ ಪ್ರಾಣ ಒತ್ತೆಯಿಡುವವರು ಯಾರು?

ಆದರೆ ಮದ್ಯ ಮತ್ತು ಹೊಗೆಸೊಪ್ಪಿನ ಸುಂಕ ಇಳಿಯಲಿಲ್ಲ. ಫ್ರಾನ್ಸಿನೊಂದಿಗಿನ ದೀರ್ಘ ಯುದ್ಧಗಳ ಖರ್ಚಿಗೆ ಚಹಾ ಸೇರಿದಂತೆ ಎಲ್ಲ ಸುಂಕಗಳೂ ಮತ್ತೆ ಏರಿದವು. ಕಳ್ಳ ಹಡಗುಗಳು ಮತ್ತೆ ಹಾಯಿ ಬಿಚ್ಚಿದವು. 1809ರಲ್ಲಿ ದಡದ ಸಮೀಪ ಕಾಯುವ ದೋಣಿಗಳ ಪಡೆ, 1817ರಲ್ಲಿ ಕೆಂಟ್ ಕರಾವಳಿಯಲ್ಲಿ ನೌಕಾಪಡೆಯ ಕಾಲಾಳು ಕಾವಲು, 1822ರಲ್ಲಿ ಕೋಸ್ಟ್ ಗಾರ್ಡ್ ಹೀಗೆ ಒಂದರ ಮೇಲೊಂದು ವ್ಯವಸ್ಥೆ ಬಂತು. ಹಡಗು, ದೋಣಿ, ದಡದ ಕಾವಲು ಮೂರೂ ಕೂಡಿದಾಗ ಬಿಗಿ ಹೆಚ್ಚಿತು, ನಿಜ. ಕಳ್ಳಸಾಗಣೆ ದೊಡ್ಡ ಉದ್ಯಮವಾಗಿ ಉಳಿಯದಂತಾದದ್ದು ಮಾತ್ರ 1840ರ ದಶಕದಲ್ಲಿ ಬ್ರಿಟನ್ ನೂರಾರು ವಸ್ತುಗಳ ಸುಂಕವನ್ನು ಇಳಿಸಿ, ಕೆಲವನ್ನು ಕೈಬಿಟ್ಟ ಮೇಲೆಯೇ.

ಅಟ್ಲಾಂಟಿಕ್‌ನ ಆಚೆ

ಇದೇ ಸುಂಕದ ಕಾವಲು ಅಮೆರಿಕದ ವಸಾಹತುಗಳಲ್ಲಿ ಬ್ರಿಟನ್ನಿಗೆ ದುಬಾರಿಯಾಗಿ ಪರಿಣಮಿಸಿತು. ರೋಡ್ ಐಲೆಂಡ್ ಕೊಲ್ಲಿಯಲ್ಲಿ ‘ಗ್ಯಾಸ್ಪೀ’ ಎಂಬ ಬ್ರಿಟಿಷ್ ನೌಕೆ ಕಂಡಕಂಡ ದೋಣಿಗಳನ್ನೆಲ್ಲ ತಡೆದು ಜಾಲಾಡುತ್ತಿತ್ತು. 1772ರ ಜೂನ್ 9ರಂದು ‘ಹ್ಯಾನಾ’ ಎಂಬ ನೌಕೆಯನ್ನು ಬೆನ್ನಟ್ಟುವಾಗ ಅದು ಮರಳ ದಿಬ್ಬಕ್ಕೆ ಸಿಲುಕಿತು. ಸುದ್ದಿ ತಿಳಿದ ಪ್ರಾವಿಡೆನ್ಸ್ ಪಟ್ಟಣದವರು ಆ ರಾತ್ರಿ ದೋಣಿಗಳಲ್ಲಿ ಹೋಗಿ, ಅದರ ಅಧಿಕಾರಿ ಡಡಿಂಗ್‌ಸ್ಟನ್‌ನನ್ನು ಗುಂಡಿಟ್ಟು ಗಾಯಗೊಳಿಸಿ, ಸಿಬ್ಬಂದಿಯನ್ನು ದಡಕ್ಕೆ ಸಾಗಿಸಿ, ನೌಕೆಗೆ ಬೆಂಕಿಯಿಟ್ಟರು. ಬಹುಮಾನ ಸಾರಿದರೂ ಒಬ್ಬನೇ ಒಬ್ಬ ಸಾಕ್ಷಿ ಹೇಳಿ ಯಾರಿಗೂ ಶಿಕ್ಷೆ ಕೊಡಿಸಲಿಲ್ಲ. ಆರೋಪಿಗಳನ್ನು ಇಂಗ್ಲೆಂಡಿಗೆ ಒಯ್ದು ವಿಚಾರಿಸುವ ಬೆದರಿಕೆ ವಸಾಹತುಗಳನ್ನೆಲ್ಲ ಒಂದುಗೂಡಿಸಿತು.

ಸ್ವತಂತ್ರವಾದ ಅಮೆರಿಕಕ್ಕೂ ಸುಂಕವೇ ಮುಖ್ಯ ಆದಾಯವಾಯಿತು. ಮೊದಲ ಖಜಾನೆ ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಸಲಹೆಯಂತೆ 1790ರ ಆಗಸ್ಟ್ 4ರಂದು ಅಲ್ಲಿನ ಸಂಸತ್ತು ಹತ್ತು ಸುಂಕದ ಕಟ್ಟರ್‌ಗಳಿಗೆ ಒಪ್ಪಿಗೆ ನೀಡಿತು. ಆದರೆ ಹ್ಯಾಮಿಲ್ಟನ್ ಗ್ಯಾಸ್ಪೀಯ ಪಾಠ ಮರೆತಿರಲಿಲ್ಲ ಎನಿಸುತ್ತದೆ. 1791ರ ಜೂನ್ 4ರಂದು ಕಟ್ಟರ್‌ಗಳ ಅಧಿಕಾರಿಗಳಿಗೆ ಬರೆದ ಸುತ್ತೋಲೆಯಲ್ಲಿ ಆತ ಹೇಳಿದ್ದಿಷ್ಟು: ನಿಮ್ಮ ದೇಶಬಾಂಧವರು ಸ್ವತಂತ್ರ ಜನ, ದರ್ಪದ ಸೋಂಕನ್ನೂ ಸಹಿಸುವವರಲ್ಲ. ಆದ್ದರಿಂದ ಉದ್ಧಟತನ, ಒರಟುತನ ಕೂಡದು. ಅದೇ ಕಟ್ಟರ್ ಪಡೆ 1915ರಲ್ಲಿ ಜೀವರಕ್ಷಕ ದಳದೊಂದಿಗೆ ಸೇರಿ ಅಮೆರಿಕದ ಕೋಸ್ಟ್ ಗಾರ್ಡ್ ಆಯಿತು.

ನಮ್ಮ ಕಡಲಿನ ಕಥೆ

ಹಾಯಿಗಳ ಕಾಲ ಮುಗಿದರೂ ಈ ಲೆಕ್ಕಾಚಾರ ಮುಗಿಯಲಿಲ್ಲ. ಭಾರತದ ಪಶ್ಚಿಮ ಕರಾವಳಿಯೇ ಇದಕ್ಕೆ ನಿದರ್ಶನ. 1963ರಲ್ಲಿ ಚಿನ್ನದ ನಿಯಂತ್ರಣ ನಿಯಮಗಳು, 1968ರಲ್ಲಿ ಚಿನ್ನ ನಿಯಂತ್ರಣ ಕಾಯಿದೆ ಬಂದವು. ಮದುವೆಗೆ ಚಿನ್ನ ಬೇಕೇ ಬೇಕೆನ್ನುವ ದೇಶದಲ್ಲಿ ಬೇಡಿಕೆಯೇನೂ ತಗ್ಗಲಿಲ್ಲ. ದುಬೈನಿಂದ ಅರಬ್ಬಿ ಹಾಯಿದೋಣಿಗಳಲ್ಲಿ ‘ಬಿಸ್ಕತ್ತು’ಗಳು ಬಂದವು. ಈ ವ್ಯಾಪಾರವನ್ನು ತಡೆಯುವ ಅಗತ್ಯವೇ ಭಾರತೀಯ ಕರಾವಳಿ ಕಾವಲು ಪಡೆಯ ಹುಟ್ಟಿಗೆ ಒಂದು ಮುಖ್ಯ ಕಾರಣ. 1977ರ ಫೆಬ್ರವರಿಯಲ್ಲಿ ತಾತ್ಕಾಲಿಕವಾಗಿ ಆರಂಭವಾದ ಈ ಪಡೆ 1978ರ ಆಗಸ್ಟ್‌ನಲ್ಲಿ ವಿಧಿವತ್ತಾಗಿ ಸ್ಥಾಪನೆಯಾಯಿತು. ಕರ್ನಾಟಕದ ಕರಾವಳಿಗೆ ಅದರ ಜಿಲ್ಲಾ ಕೇಂದ್ರ ಇರುವುದು ಮಂಗಳೂರಿನ ಪಣಂಬೂರಿನಲ್ಲಿ.

ಮುಂದೆ 1990ರಲ್ಲಿ ಚಿನ್ನ ನಿಯಂತ್ರಣ ಕಾಯಿದೆ ರದ್ದಾಯಿತು. 1992ರಲ್ಲಿ ವಿದೇಶದಿಂದ ಬರುವ ಭಾರತೀಯರು ಸುಂಕ ತೆತ್ತು ತಲಾ ಐದು ಕಿಲೋವರೆಗೆ ಚಿನ್ನ ತರಲು ಅನುಮತಿ ಸಿಕ್ಕಿತು. ದೋಣಿಗಳಲ್ಲಿ ಬರುತ್ತಿದ್ದ ಚಿನ್ನ ವಿಮಾನದಲ್ಲಿ ರಸೀದಿಯೊಂದಿಗೆ ಬರತೊಡಗಿತು. ನಂತರದ ವರ್ಷಗಳಲ್ಲಿ ಸುಂಕ ಏರಿದಾಗ ಕಳ್ಳ ಚಿನ್ನವೂ ತಲೆಯೆತ್ತಿತು. 2024ರ ಜುಲೈ ಬಜೆಟ್ಟಿನಲ್ಲಿ ಚಿನ್ನದ ಮೇಲಿನ ಸುಂಕವನ್ನು ಶೇಕಡಾ 15ರಿಂದ 6ಕ್ಕೆ ಇಳಿಸಲಾಯಿತು. ಪಿಟ್ 240 ವರ್ಷಗಳ ಹಿಂದೆ ಮಾಡಿದ್ದ ಲೆಕ್ಕವೇ ಅದು.

ಹಾಗೆಂದು ಕಾವಲು ನೌಕೆಗಳು ಬೇಡವೆಂದಲ್ಲ. ಮಾದಕ ವಸ್ತು, ಶಸ್ತ್ರಾಸ್ತ್ರಗಳ ಸಾಗಣೆಯನ್ನು ಯಾವ ಸುಂಕ ಕಡಿತವೂ ನಿಲ್ಲಿಸಲಾರದು. ಅಲ್ಲಿ ಕಾವಲೇ ಗತಿ. ಆದರೆ ಜನ ಮನೆಮನೆಯಲ್ಲಿ ಬಳಸುವ ವಸ್ತುವಿನ ಮೇಲೆ ಅಳತೆ ಮೀರಿ ತೆರಿಗೆ ಹಾಕಿ, ಆಮೇಲೆ ಹಡಗು ಕಳಿಸಿ ಕಾಯುವ ಸರಕಾರ ತನ್ನ ನೌಕರರನ್ನು ಗೆಲ್ಲಲಾಗದ ಓಟಕ್ಕೆ ಹೂಡುತ್ತದೆ. ಅಂಥ ಓಟದಲ್ಲಿ ‘ಸ್ವಿಫ್ಟ್’ ತನ್ನ ಪಾಲಿನ ಕೆಲಸವನ್ನು ಚೆನ್ನಾಗಿಯೇ ಮಾಡಿತ್ತು. ಅದರ ಬೆಲೆ ತೆತ್ತವರು ಮಾತ್ರ ಗ್ಯಾಲಿ ಎಂಬ ಮುದಿ ನೌಕರ ಮತ್ತು ಒಂದು ಚಿಟಿಕೆ ಚಹಾ ಉಡುಗೊರೆ ಪಡೆದ ಚಪ್ಪಲಿ ಹೊಲೆಯುವವ.